ನಿಮಗಿದು ಗೊತ್ತೆ? ಕೇಪಿನ ಕೋವಿ ಬೇಟೆಗಲ್ಲ
ಮಲೆನಾಡಿನ ವನಗೂರು ಸೀಮೆಯಲ್ಲಿ ಹಬ್ಬದ ಬೆಳಗ್ಗೆ ಕೇಪಿನ ಕೋವಿ ಹೆಗಲಿಗೇರಿಸಿ ಕಡವೆಯ ಬೆನ್ನು ಹತ್ತುವವರಿಗೆ ಕೋವಿಯ ಪರವಾನಗಿ ರಕ್ಷೆಯಾಗದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಕೇಪಿನ ಕೋವಿಯಂತೆ ನಳಿಗೆಯ ಬಾಯಿಯಿಂದ ಮದ್ದು ತುಂಬುವ ಕೋವಿಗೆ ಹೇಳುವ ಉದ್ದೇಶ ಪ್ರಾಮಾಣಿಕ ಬೆಳೆ ರಕ್ಷಣೆ. ಬೇಟೆಯನ್ನಂತೂ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ 9ನೇ ಕಲಮು ನಿಷೇಧಿಸಿದೆ. ಕಡವೆ ಗದ್ದೆ ಮೇಯುವುದಿಲ್ಲವೇ ಎಂದರೆ, ಮೇಯುತ್ತದೆ, ರೈತನ ನಷ್ಟವೂ ಸಣ್ಣದಲ್ಲ. ಆದರೂ ಮುಖ್ಯ ವನ್ಯಜೀವಿ ಪರಿಪಾಲಕರ ಲಿಖಿತ ಅನುಮತಿಯಿಲ್ಲದೆ ಅದನ್ನು ಕೊಲ್ಲುವಂತಿಲ್ಲ. ಹಬ್ಬದ ಬೇಟೆ ಹಿರಿಯರ ಕಾಲದ ಪದ್ಧತಿ, ಒಂದೇ ಈಡಿನ ಕೋವಿಯಾದ್ದರಿಂದ ಪ್ರಾಣಿಗೂ ತಪ್ಪಿಸಿಕೊಳ್ಳುವ ಅವಕಾಶವಿದೆ ಎಂಬ ವಾದವನ್ನು ಒಪ್ಪಲಾಗದು. ನಳಿಗೆಗೆ ಮದ್ದು ಸುರಿದು, ತೆಂಗಿನ ನಾರು ತುರುಕಿ, ಚರೆ ಹಾಕಿ, ಕಡ್ಡಿಯಿಂದ ಜಡಿದು, ಕೇಪು ಕೂರಿಸಿ ಮತ್ತೆ ಗುರಿ ಹಿಡಿಯುವಷ್ಟರಲ್ಲಿ ಗಾಯಗೊಂಡ ಕಡವೆ ಶೋಲೆ ಕಾಡು ಹೊಕ್ಕಿರುತ್ತದೆ. ಎಷ್ಟೋ ಸಲ ಅಲ್ಲೇ ನರಳಿ ಸಾಯುತ್ತದೆ.