ಕೀಲೆಣ್ಣೆ ಕಾಣದ ಗಾಡಿ

ಕೆನಡಾದ ವಿನಿಪೆಗ್ ನಗರದಿಂದ ಉತ್ತರಕ್ಕೆ ಸುಮಾರು 30 ಕಿ.ಮೀ. ಹೋದರೆ, ರೆಡ್ ನದಿಯ ಎತ್ತರದ ದಂಡೆಯ ಮೇಲೆ ಸುಣ್ಣಕಲ್ಲಿನ ಕೋಟೆಯೊಂದಿದೆ. ಹೆಸರು ಲೋಯರ್ ಫೋರ್ಟ್ ಗ್ಯಾರಿ. ಹಡ್ಸನ್ಸ್ ಬೇ ಕಂಪನಿ ತುಪ್ಪಳದ ವ್ಯಾಪಾರಕ್ಕೆಂದು ಕಟ್ಟಿಸಿದ್ದು. ಉಗ್ರಾಣದ ಅಟ್ಟದಲ್ಲಿ ಪ್ರಾಣಿಗಳ ಚರ್ಮಗಳು ಈಗಲೂ ಸಾಲಾಗಿ ತೂಗುತ್ತವೆ. ನೋಡುವವರ ಕಣ್ಣು ಮೊದಲು ಹೋಗುವುದು ಅಲ್ಲಿಗೇ. ನನ್ನನ್ನು ಸೆಳೆದದ್ದು ಇಲ್ಲಿನ ಮಿಶ್ರ ಮೂಲದ ಮೆಟಿಸ್ ಜನರ ಗಾಡಿ.

ಈ ರೆಡ್ ರಿವರ್ ಗಾಡಿಯಲ್ಲಿ ಒಂದು ಮೊಳೆಯೂ ಇರುತ್ತಿರಲಿಲ್ಲ. ಗುಂಬ, ಅರೆಕಾಲು, ಅಚ್ಚು, ಮೂಕಿ ಎಲ್ಲವೂ ಮರದ್ದು. ಚಕ್ರಕ್ಕೆ ಕಬ್ಬಿಣದ ಪಟ್ಟೆಯೂ ಇಲ್ಲ. ಬಿಗಿ ಬೇಕಾದ ಕಡೆ ಬೈಸನ್‌ನ ಹಸಿ ಚರ್ಮದ ಬಾರು ಸುತ್ತುತ್ತಿದ್ದರು. ಒಣಗಿದಂತೆಲ್ಲ ಅದು ತಾನೇ ಬಿಗಿದುಕೊಳ್ಳುತ್ತಿತ್ತು. ಎರಡು ಮೂಕಿಗಳ ನಡುವೆ ಒಂಟಿ ಎತ್ತು ಇಲ್ಲವೇ ಕುದುರೆ. ಹೇರು ಸುಮಾರು 400 ಕಿಲೋ. ಕೆಸರಿನಲ್ಲಿ ಹೂತುಹೋಗದಂತೆ ಚಕ್ರಗಳು ದೊಡ್ಡವು. ನದಿ ಅಡ್ಡ ಬಂದರೆ ಚಕ್ರ ಕಳಚಿ, ಗಾಡಿಯನ್ನೇ ತೆಪ್ಪ ಮಾಡಿ ದಾಟುತ್ತಿದ್ದರು. ದಾರಿಯಲ್ಲಿ ಅಚ್ಚು ಮುರಿದರೆ ಹತ್ತಿರದ ಮರ ಕಡಿದು ಹೊಸದನ್ನು ಕೆತ್ತಿಕೊಳ್ಳುತ್ತಿದ್ದರು.

ಕೀಲೆಣ್ಣೆ ಹಾಕದೆ ಗಾಡಿ ಹೂಡದ ನಮ್ಮ ರೈತರಿಗೆ ಆಶ್ಚರ್ಯವೆನಿಸಬಹುದು: ಮೆಟಿಸರು ಅಚ್ಚಿಗೆ ಎಣ್ಣೆ ಸವರುತ್ತಲೇ ಇರಲಿಲ್ಲ. ಹುಲ್ಲುಗಾವಲಿನ ದೂಳು ಜಿಡ್ಡಿಗೆ ಮೆತ್ತಿಕೊಂಡರೆ ಮರದ ಅಚ್ಚು ಬೇಗ ಸವೆಯುತ್ತದೆ. ಹಾಗಾಗಿ ಮರಕ್ಕೆ ಮರ ಉಜ್ಜಿ ಕಿರುಚುತ್ತಿತ್ತು. ನೂರಾರು ಗಾಡಿಗಳ ಸಾಲು ದಕ್ಷಿಣದ ಸೇಂಟ್ ಪಾಲ್ ಪಟ್ಟಣಕ್ಕೆ ಹೊರಟರೆ ಕಾಣುವುದಕ್ಕೆ ಎಷ್ಟೋ ಮುಂಚೆ ಅದರ ಸದ್ದು ಕೇಳುತ್ತಿತ್ತಂತೆ.

ಕೋಟೆಯ ಚರಿತ್ರೆ ಚಿಕ್ಕದು. 1826ರ ಪ್ರವಾಹ ನದಿಗಳು ಕೂಡುವಲ್ಲಿದ್ದ ಹಳೆಯ ಕೋಟೆಯನ್ನು ಹಾಳುಮಾಡಿತು. ಗವರ್ನರ್ ಜಾರ್ಜ್ ಸಿಂಪ್ಸನ್ 1830ರಲ್ಲಿ ಈ ಎತ್ತರದ ಜಾಗ ಹಿಡಿದ. ಜನ ಮಾತ್ರ ಸಂಗಮ ಬಿಟ್ಟು ಬರಲಿಲ್ಲ. ಕಂಪನಿ ಅಲ್ಲಿ ಮತ್ತೊಂದು ಕೋಟೆ, ಅಂದರೆ ಮೇಲಿನ ಕೋಟೆ, ಕಟ್ಟಬೇಕಾಯಿತು. ಮೂಲನಿವಾಸಿಗಳಾದ ಅನಿಶಿನಾಬೆ ಮತ್ತು ಕ್ರೀ ಜನರೊಡನೆ ಕೆನಡಾ ಸರ್ಕಾರದ ಮೊದಲ ಒಪ್ಪಂದಕ್ಕೆ ಸಹಿ ಬಿದ್ದದ್ದು ಈ ಕೆಳಗಿನ ಕೋಟೆಯಲ್ಲೇ, 1871ರಲ್ಲಿ.

ಫ್ರೆಂಚ್, ಸ್ಕಾಟಿಷ್ ವ್ಯಾಪಾರಿಗಳಿಗೂ ಕ್ರೀ, ಒಜಿಬ್ವೆ ಹೆಂಗಸರಿಗೂ ಹುಟ್ಟಿದ ಮಕ್ಕಳು ಬೆಳೆದು ತಮ್ಮದೇ ಜನಾಂಗವಾದರು, ಅವರೇ ಮೆಟಿಸರು. ಒಣಮಾಂಸವನ್ನು ಕುಟ್ಟಿ ಕೊಬ್ಬಿನೊಡನೆ ಕಲಸಿದ ಅವರ ಪೆಮಿಕನ್ ಇಲ್ಲದೆ ಕಂಪನಿಯ ದೋಣಿಗಳು ದೂರ ಹೋಗುವಂತಿರಲಿಲ್ಲ. ಆದರೂ 1869ರಲ್ಲಿ ಅವರ ನೆಲ ಅವರನ್ನು ಕೇಳದೆಯೇ ಕೆನಡಾದ ಕೈಗೆ ಹೋಗುವುದಿತ್ತು. ಲೂಯಿ ರಿಯೆಲ್ ಮುಂದಾಳಾಗಿ ಮೇಲಿನ ಕೋಟೆಯನ್ನು ಹಿಡಿದರು. ಮ್ಯಾನಿಟೋಬಾ ಪ್ರಾಂತ್ಯ ಹುಟ್ಟಿದ್ದು ಆ ಹೋರಾಟದಿಂದ. ಮೆಟಿಸ್ ಮಕ್ಕಳಿಗೆಂದು 14 ಲಕ್ಷ ಎಕರೆಯ ಭರವಸೆಯೂ ಸಿಕ್ಕಿತು. ಹಂಚಿಕೆ ವರ್ಷಗಟ್ಟಲೆ ಎಳೆದಾಡಿತು. ಎಷ್ಟೋ ಮಂದಿ ಪಶ್ಚಿಮಕ್ಕೆ ಗುಳೆ ಹೋದರು. ಅಲ್ಲಿ ಮತ್ತೆ ಬಂಡೆದ್ದ ರಿಯೆಲ್‌ಗೆ 1885ರಲ್ಲಿ ಗಲ್ಲಾಯಿತು. ಭೂಮಿಯ ಮಾತನ್ನು ಸರ್ಕಾರ ಸರಿಯಾಗಿ ನಡೆಸಲಿಲ್ಲವೆಂದು ಸುಪ್ರೀಂ ಕೋರ್ಟ್ ಹೇಳಿದ್ದು 2013ರಲ್ಲಿ!

1878ರಲ್ಲಿ ರೈಲು ಬಂತು, ಗಾಡಿಗಳ ಕಾಲ ಮುಗಿಯುತ್ತ ಬಂತು. ರಿಯೆಲ್ ಹಿಡಿದಿದ್ದ ಮೇಲಿನ ಕೋಟೆಯನ್ನು ಕೆಡವಿದರು. ಉಳಿದದ್ದು ಒಂದು ಬಾಗಿಲು. ಕಂಪನಿಯ ಈ ಕಲ್ಲುಕೋಟೆಯನ್ನು ಮಾತ್ರ ಸರ್ಕಾರ ಜತನದಿಂದ ಕಾಯುತ್ತಿದೆ. ಕಾಯಲಿ. ಅದರ ಅಂಗಳದಲ್ಲೇ ಮೆಟಿಸ್ ಹುಡುಗ ಹುಡುಗಿಯರು ವರ್ಷವಿಡೀ ಚಕ್ರ ಕಟ್ಟಲು ಕಲಿಯುವ ಒಂದು ಕೊಟ್ಟಿಗೆಯೂ ಇರಲಿ. ಕ್ರೀ ಕ್ರಿಯಾಪದ, ಫ್ರೆಂಚ್ ನಾಮಪದಗಳು ಬೆರೆತ ಅವರ ಮಿಚಿಫ್ ಭಾಷೆಯಲ್ಲೇ ಆ ಪಾಠ ನಡೆಯಲಿ. ಮಿಚಿಫ್ ಸರಾಗವಾಗಿ ಬಲ್ಲವರು ಈಗ ಬಹುಪಾಲು ವಯಸ್ಸಾದವರು.