ಕಾಡಿನ ಲೆಕ್ಕ ಬರೆಯುವವರು

ಆಫ್ರಿಕಾದ ಸವನ್ನಾದಿಂದ ನಾಗರಹೊಳೆಯ ಸೀಳುದಾರಿಯವರೆಗೆ ವನ್ಯಜೀವಿ ಸಂಶೋಧನೆಗೆ ಜನಸಾಮಾನ್ಯರು ಕಾಲಿಟ್ಟ ಬಗೆ, ಚಿಂಚೋಳಿಯ ಕಾಡಿಗೆ ಅದರಿಂದ ಸಿಗುವ ಪಾಠ

ಶಹಾಬಾದ್, ವಾಡಿ, ಚಿತ್ತಾಪುರ, ಸೇಡಂ ಕಡೆಯಿಂದ ಬರುವವರಿಗೆ ದಾರಿಯುದ್ದಕ್ಕೂ ಕಾಣುವುದು ಕಲ್ಲಿನ ಗಣಿ, ಸಿಮೆಂಟ್ ಕಾರ್ಖಾನೆಗಳ ಚಿಮಣಿ, ಕಣ್ಣು ಹಾಯಿಸಿದಷ್ಟೂ ತೊಗರಿ ಹೊಲ. ಚಿಂಚೋಳಿಗೆ ಅಂಟಿಕೊಂಡೇ ಇರುವ ಚಂದಾಪುರವನ್ನು ದಾಟಿ ಕುಂಚಾವರಂ ದಾರಿ ಹಿಡಿದರೆ ನೆಲದ ಚಹರೆಯೇ ಬೇರೆ. ಗುಡ್ಡಗಳು ಏಳುತ್ತವೆ. ಬೇಸಿಗೆಯಲ್ಲಿ ಎಲೆ ಉದುರಿಸಿ ಬೋಳಾಗಿ, ಮಳೆ ಬಿದ್ದ ವಾರದಲ್ಲೇ ಚಿಗುರುವ ಕಾಡು ತೆಲಂಗಾಣದ ಗಡಿಯವರೆಗೆ ಹರಡಿದೆ. 2011ರಲ್ಲಿ ಸರ್ಕಾರ ಈ ಕಾಡಿನ 134.88 ಚದರ ಕಿಲೋಮೀಟರನ್ನು ಚಿಂಚೋಳಿ ವನ್ಯಜೀವಿ ಧಾಮವೆಂದು ಘೋಷಿಸಿತು. ದಕ್ಷಿಣ ಭಾರತದ ಒಣಭೂಮಿಯ ವನ್ಯಜೀವಿ ಧಾಮ ಎಂದು ಇದನ್ನು ಗುರುತಿಸುತ್ತಾರೆ. ತೋಳ, ಕತ್ತೆಕಿರುಬ, ಗುಳ್ಳೆನರಿ, ಕೃಷ್ಣಮೃಗ, ಕೊಂಡುಕುರಿ ಇಲ್ಲಿನ ನಿವಾಸಿಗಳು. ಚಂದ್ರಂಪಳ್ಳಿ ಜಲಾಶಯ ಇದರ ನೀರಿನ ಆಸರೆ, ಲಂಬಾಣಿ ತಾಂಡಾಗಳು ಇದರ ನೆರೆಹೊರೆ.

ಕಾಡುಪ್ರಾಣಿಗಳ ಸಂಶೋಧನೆಯಲ್ಲಿ ಕೈಜೋಡಿಸಬೇಕೆಂಬ ಆಸೆ ಇಂದಿನ ಅನೇಕ ಯುವಕ ಯುವತಿಯರಿಗಿದೆ. ಕೀನ್ಯಾ, ತಾಂಜಾನಿಯಾ, ನಮೀಬಿಯಾ, ದಕ್ಷಿಣ ಆಫ್ರಿಕಾಗಳಿಗೆ ಸ್ವಯಂಸೇವಕರಾಗಿ ಬನ್ನಿ ಎಂಬ ಜಾಹೀರಾತು ಅವರ ಮೊಬೈಲಿಗೂ ಬರುತ್ತದೆ. ಶುಲ್ಕ ಕಟ್ಟಿದರೆ ಸಿಂಹ, ಆನೆ, ಚೀತಾಗಳ ನಡುವೆ ಕೆಲವು ವಾರ ಇರಬಹುದು. ಈ ವ್ಯವಸ್ಥೆ ಹೇಗೆ ಹುಟ್ಟಿತು, ಅದರಲ್ಲಿ ಯಾವುದು ಗಟ್ಟಿ, ಯಾವುದು ಪೊಳ್ಳು ಎಂದು ನೋಡುತ್ತ ಹೋದರೆ ದಾರಿ ಕೊನೆಗೆ ಕುಂಚಾವರಂ ಕಡೆಗೇ ತಿರುಗುತ್ತದೆ.

ಬಂದೂಕು ಇಳಿಸಿ ಪುಸ್ತಕ ಹಿಡಿದವರು

ಹತ್ತೊಂಬತ್ತನೇ ಶತಮಾನದ ಅಮೆರಿಕದಲ್ಲಿ ಕ್ರಿಸ್‌ಮಸ್ ದಿನ ತಂಡ ಕಟ್ಟಿಕೊಂಡು ಬೇಟೆಗೆ ಹೋಗುವ ಪದ್ಧತಿಯಿತ್ತು. ಹೆಚ್ಚು ಹಕ್ಕಿ, ಪ್ರಾಣಿಗಳನ್ನು ಕೊಂದ ತಂಡಕ್ಕೇ ಗೆಲುವು. ಪಕ್ಷಿವಿಜ್ಞಾನಿ ಫ್ರಾಂಕ್ ಚಾಪ್‌ಮನ್ 1900ರಲ್ಲಿ ಅದಕ್ಕೊಂದು ಬದಲಿ ಸೂಚಿಸಿದರು: ಕೊಲ್ಲುವುದು ಬೇಡ, ಎಣಿಸೋಣ. ಆ ವರ್ಷದ ಡಿಸೆಂಬರ್ 25ರಂದು 27 ಮಂದಿ 25 ಕಡೆ ಹಕ್ಕಿಗಳನ್ನು ಎಣಿಸಿ ಪಟ್ಟಿ ಕಳಿಸಿದರು. ಆ ಗಣತಿ ಇಂದಿಗೂ ನಡೆಯುತ್ತಿದೆ. ಒಂದು ಶತಮಾನಕ್ಕೂ ಮಿಕ್ಕಿದ ಆ ಪಟ್ಟಿಗಳಿಂದಲೇ ಯಾವ ಹಕ್ಕಿ ಕಡಿಮೆಯಾಯಿತು, ಯಾವುದು ಉತ್ತರಕ್ಕೆ ಸರಿಯಿತು ಎಂಬುದು ವಿಜ್ಞಾನಿಗಳಿಗೆ ತಿಳಿಯುತ್ತದೆ. ಪದವಿ ಇಲ್ಲದವರೂ ಸಂಶೋಧನೆಗೆ ನೆರವಾಗಬಲ್ಲರು ಎಂಬುದಕ್ಕೆ ಅಲ್ಲಿಗೆ ಅಡಿಪಾಯ ಬಿತ್ತು.

ಆಫ್ರಿಕಾದಲ್ಲಿ ಈ ನಂಬಿಕೆಗೆ ಬಲ ಕೊಟ್ಟವರು ಜೇನ್ ಗುಡಾಲ್. 1960ರ ಜುಲೈನಲ್ಲಿ ತಾಂಜಾನಿಯಾದ ಗೊಂಬೆ ಕಾಡಿಗೆ ಚಿಂಪಾಂಜಿಗಳ ಅಧ್ಯಯನಕ್ಕೆಂದು ಕಾಲಿಟ್ಟಾಗ ಅವರ ವಯಸ್ಸು 26. ಕೈಯಲ್ಲಿ ಪದವಿ ಇರಲಿಲ್ಲ. ತಿಂಗಳುಗಟ್ಟಲೆ ಕಾದು ಕೂತು ನೋಡಿದ ಅವರಿಗೆ ಆ ವರ್ಷವೇ ಚಿಂಪಾಂಜಿಯೊಂದು ಹುಲ್ಲುಕಡ್ಡಿಯನ್ನು ಗೆದ್ದಲ ಹುತ್ತಕ್ಕೆ ತೂರಿಸಿ ಹುಳ ತೆಗೆದು ತಿನ್ನುವುದು ಕಾಣಿಸಿತು. ಉಪಕರಣ ಬಳಸುವುದು ಮನುಷ್ಯ ಮಾತ್ರ ಎಂಬ ಅಂದಿನ ತಿಳಿವಳಿಕೆ ಅಲ್ಲಿಗೆ ಬಿದ್ದುಹೋಯಿತು.

ಅದೇ ದಶಕದಲ್ಲಿ ಜಾರ್ಜ್ ಶಾಲರ್ ಮಧ್ಯಪ್ರದೇಶದ ಕಾನ್ಹಾದಲ್ಲಿ ಹುಲಿ, ಜಿಂಕೆಗಳ ಅಧ್ಯಯನ ಮುಗಿಸಿ ಸೆರೆಂಗೆಟಿಯ ಸಿಂಹಗಳ ಕಡೆ ಹೊರಟರು. 1972ರಲ್ಲಿ ಸಿಂಥಿಯಾ ಮಾಸ್ ಕೀನ್ಯಾದ ಅಂಬೋಸೆಲಿಯಲ್ಲಿ ಆನೆಗಳನ್ನು ಒಂದೊಂದಾಗಿ ಗುರುತಿಸಿ, ಹೆಸರಿಟ್ಟು, ತಾಯಿ ಮಗಳು ಮೊಮ್ಮಗಳವರೆಗಿನ ವಂಶಾವಳಿ ಬರೆಯತೊಡಗಿದರು. ಆನೆಯ ಬದುಕು ಮನುಷ್ಯನ ಬದುಕಿನಷ್ಟೇ ದೀರ್ಘ. ಅದರ ಕಥೆ ಬರೆಯಲು ದಶಕಗಳು ಬೇಕು. ದಶಕಗಟ್ಟಲೆ ನಡೆಯುವ ಕೆಲಸಕ್ಕೆ ಹಣವೂ ಬೇಕು, ಕೈಗಳೂ ಬೇಕು.

ಈ ಎರಡು ಕೊರತೆಗಳನ್ನು ಒಟ್ಟಿಗೇ ತುಂಬುವ ಉಪಾಯವೊಂದು 1971ರಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ರೂಪುಗೊಂಡಿತು. ಮುಂದೆ ಅರ್ತ್‌ವಾಚ್ ಎಂದು ಹೆಸರಾದ ಸಂಸ್ಥೆ ಆಸಕ್ತರಿಂದ ಹಣ ಪಡೆದು ಅವರನ್ನೇ ವಿಜ್ಞಾನಿಗಳ ಸಹಾಯಕರಾಗಿ ಕಳಿಸಿತು. ಶಿಕ್ಷಕರು, ವಿದ್ಯಾರ್ಥಿಗಳು, ನಿವೃತ್ತರು ರಜೆಯಲ್ಲಿ ಹೋಗಿ ಹಿಕ್ಕೆ ಸಂಗ್ರಹಿಸಿದರು, ಹೆಜ್ಜೆ ಗುರುತು ಅಳೆದರು. ಅವರು ಕೊಟ್ಟ ಹಣ ಸಂಶೋಧನೆಗೆ ಹೋಯಿತು. ಇಂದು ಆಫ್ರಿಕಾದಲ್ಲಿ ಕಾಣುವ ಹಣ ಕೊಟ್ಟು ದುಡಿಯುವ ಸ್ವಯಂಸೇವೆಯ ಬೇರು ಇಲ್ಲಿದೆ.

ಮರಿ ಎತ್ತಿಕೊಂಡ ಫೋಟೊ

ಆ ಬೇರಿನಿಂದ ಕೆಟ್ಟ ಕೊಂಬೆಯೂ ಒಡೆಯಿತು. ದಕ್ಷಿಣ ಆಫ್ರಿಕಾದ ಕೆಲವು ಫಾರಂಗಳು ಅನಾಥ ಸಿಂಹದ ಮರಿಗಳನ್ನು ಸಾಕಿ ಕಾಡಿಗೆ ಬಿಡುತ್ತೇವೆ ಎಂದು ಹೇಳಿ ವಿದೇಶಿ ಯುವಜನರನ್ನು ಕರೆಸಿಕೊಂಡವು. ಅವರು ಹಣ ಕೊಟ್ಟು, ಬಾಟಲಿಯಲ್ಲಿ ಹಾಲೂಡಿಸಿ, ಮರಿಗಳನ್ನು ಎತ್ತಿಕೊಂಡು ಫೋಟೊ ತೆಗೆಸಿಕೊಂಡು ಹೋದರು. ಅವು ಅನಾಥ ಮರಿಗಳಾಗಿರಲಿಲ್ಲ. ಹುಟ್ಟಿದ ಕೆಲವೇ ದಿನಗಳಲ್ಲಿ ತಾಯಿಯಿಂದ ಬಿಡಿಸಿ ತಂದವು. ಬೆಳೆದ ಮೇಲೆ ಬೇಲಿಯೊಳಗೆ ಹಣವಂತ ಬೇಟೆಗಾರರ ಗುಂಡಿಗೆ, ಎಲುಬಿನ ವ್ಯಾಪಾರಕ್ಕೆ ಅವುಗಳನ್ನು ಮಾರಲಾಗುತ್ತಿತ್ತು. 2015ರಲ್ಲಿ ಬಂದ ‘ಬ್ಲಡ್ ಲಯನ್ಸ್’ ಸಾಕ್ಷ್ಯಚಿತ್ರ ಈ ವ್ಯವಹಾರವನ್ನು ಜಗತ್ತಿನ ಮುಂದಿಟ್ಟಿತು. 2021ರಲ್ಲಿ ಅಲ್ಲಿನ ಸರ್ಕಾರ ನೇಮಿಸಿದ್ದ ಸಮಿತಿಯೂ ಸಿಂಹ ಸಾಕಣೆಯ ಉದ್ಯಮವನ್ನು ಕೊನೆಗಾಣಿಸಬೇಕೆಂದು ಶಿಫಾರಸು ಮಾಡಿತು.

ಒಳ್ಳೆಯ ಮನಸ್ಸಿನಿಂದ ಹೋದವರೇ ಅನ್ಯಾಯಕ್ಕೆ ಹಣ ಹಾಕಿ ಬಂದರು. ಆದ್ದರಿಂದ ಎಲ್ಲಿಗೇ ಹೊರಡುವವರಾಗಲಿ ಮೊದಲು ಇಷ್ಟು ಕೇಳಿಕೊಳ್ಳಬೇಕು. ಪ್ರಾಣಿಯನ್ನು ಮುಟ್ಟಲು ಬಿಡುತ್ತಾರೆಯೇ? ಬಿಟ್ಟರೆ ಅದು ಸಂರಕ್ಷಣೆಯಲ್ಲ. ಸಂಗ್ರಹಿಸಿದ ಮಾಹಿತಿ ಎಲ್ಲಿ ಪ್ರಕಟವಾಗುತ್ತದೆ? ನಾನು ಮಾಡುವ ಕೆಲಸವನ್ನು ಸಂಬಳ ಪಡೆದು ಮಾಡಬಲ್ಲ ಸ್ಥಳೀಯ ಯುವಕ ಅಲ್ಲಿಲ್ಲವೇ?

ನಾಗರಹೊಳೆಯ ಸೀಳುದಾರಿ

ನಮ್ಮ ನಾಡಿನ ಕಥೆ ಬೇರೆ ದಾರಿಯಲ್ಲಿ ಬೆಳೆಯಿತು. ಎ.ಜೆ.ಟಿ. ಜಾನ್‌ಸಿಂಗ್ 1976ರಿಂದ 1978ರವರೆಗೆ ಬಂಡೀಪುರದಲ್ಲಿ ಸೀಳುನಾಯಿಗಳನ್ನು ಅಧ್ಯಯನ ಮಾಡಿದರು. ಕಾಡಿನಲ್ಲಿ ಸ್ವತಂತ್ರವಾಗಿರುವ ದೊಡ್ಡ ಪ್ರಾಣಿಯ ಮೇಲೆ ಭಾರತೀಯ ವಿಜ್ಞಾನಿಯೊಬ್ಬರು ನಡೆಸಿದ ಮೊದಲ ಅಧ್ಯಯನಗಳಲ್ಲಿ ಅದು ಒಂದು. ಶಿವರಾಮ ಕಾರಂತರ ಮಗ ಉಲ್ಲಾಸ ಕಾರಂತ ಎಂಜಿನಿಯರಿಂಗ್ ಓದಿ, ಕೃಷಿ ಮಾಡಿ, ಮತ್ತೆ ವನ್ಯಜೀವಿ ವಿಜ್ಞಾನ ಕಲಿತು 1986ರಲ್ಲಿ ನಾಗರಹೊಳೆಯಲ್ಲಿ ಹುಲಿಗಳ ದೀರ್ಘಾವಧಿ ಅಧ್ಯಯನ ಆರಂಭಿಸಿದರು. ಆ ಕಾಡನ್ನು ಬೇಟೆ, ಮರಗಳ್ಳತನಗಳಿಂದ ಕಾಪಾಡಿ ಅಧ್ಯಯನ ಮಾಡುವಷ್ಟು ಪ್ರಾಣಿಗಳು ಉಳಿಯುವಂತೆ ಮಾಡಿದ್ದರಲ್ಲಿ ವಲಯ ಅರಣ್ಯಾಧಿಕಾರಿಯಾಗಿದ್ದ ಕೆ.ಎಂ. ಚಿಣ್ಣಪ್ಪ ಅವರ ಪಾತ್ರ ದೊಡ್ಡದು.

ಹುಲಿ ಎಷ್ಟಿರಬಹುದು ಎಂದು ತಿಳಿಯಲು ಅದು ತಿನ್ನುವ ಜಿಂಕೆ, ಕಡವೆ, ಕಾಟಿಗಳು ಎಷ್ಟಿವೆ ಎಂದು ಮೊದಲು ತಿಳಿಯಬೇಕು. ಅದಕ್ಕೆಂದು ಟ್ರಾನ್ಸೆಕ್ಟ್ ಎಂಬ ನೇರ ಸೀಳುದಾರಿಗಳನ್ನು ಕಾಡಿನಲ್ಲಿ ಗುರುತಿಸುತ್ತಾರೆ. ಬೆಳಗು ಹರಿಯುವ ಹೊತ್ತಿಗೆ ಇಬ್ಬರು ಸದ್ದಿಲ್ಲದೆ ಆ ದಾರಿಯಲ್ಲಿ ನಡೆಯುತ್ತಾರೆ. ಪ್ರಾಣಿ ಕಂಡರೆ ಯಾವುದು, ಎಷ್ಟು, ಎಷ್ಟು ದೂರದಲ್ಲಿ, ದಾರಿಯಿಂದ ಯಾವ ಕೋನದಲ್ಲಿ ಎಂದು ಬರೆದುಕೊಳ್ಳುತ್ತಾರೆ. ದೂರ ಹೆಚ್ಚಿದಂತೆ ಕಣ್ಣಿಗೆ ಬೀಳುವ ಪ್ರಾಣಿಗಳು ಎಷ್ಟು ಕಡಿಮೆಯಾಗುತ್ತವೆ ಎಂಬುದರ ಲೆಕ್ಕ ಹಾಕಿ, ಕಾಣದೇ ಉಳಿದವುಗಳನ್ನೂ ಸೇರಿಸಿ ಸಾಂದ್ರತೆಯನ್ನು ಅಂದಾಜು ಮಾಡಲಾಗುತ್ತದೆ. ತರಬೇತಿ ಪಡೆದ ಸ್ವಯಂಸೇವಕರು ನಾಗರಹೊಳೆಯಲ್ಲಿ, ಮುಂದೆ ರಾಜ್ಯದ ಬೇರೆ ಕಾಡುಗಳಲ್ಲಿ ಈ ಸೀಳುದಾರಿಗಳನ್ನು ತುಳಿದರು. ಒಂದೂ ಪ್ರಾಣಿ ಕಾಣದ ಬೆಳಗುಗಳಲ್ಲಿ ಅವರು ಬರೆದ ಸೊನ್ನೆಗೂ ಕಂಡ ಪ್ರಾಣಿಯಷ್ಟೇ ಬೆಲೆಯಿದೆ.

ಈ ಶಿಸ್ತು ಯಾಕೆ ಬೇಕೆಂಬುದನ್ನು ಸರಿಸ್ಕಾ ತೋರಿಸಿಕೊಟ್ಟಿತು. ಹೆಜ್ಜೆ ಗುರುತಿನಿಂದ ಹುಲಿ ಎಣಿಸುವ ಹಳೆಯ ಪದ್ಧತಿಯ ಪ್ರಕಾರ ರಾಜಸ್ಥಾನದ ಆ ಕಾಡಿನಲ್ಲಿ ಹುಲಿಗಳಿದ್ದವು. 2005ರ ಹೊತ್ತಿಗೆ ನೋಡಿದರೆ ಅಲ್ಲಿ ಒಂದೂ ಹುಲಿ ಉಳಿದಿರಲಿಲ್ಲ. ಆ ಬಳಿಕ ದೇಶದ ಗಣತಿಯ ಪದ್ಧತಿಯೇ ಬದಲಾಯಿತು. ಕಾರಂತ ಮತ್ತು ಸಂಗಡಿಗರು 1990ರ ದಶಕದಲ್ಲಿ ಪಟ್ಟೆಗಳ ವಿನ್ಯಾಸದಿಂದ ಹುಲಿಗಳನ್ನು ಗುರುತಿಸಲು ಬಳಸಿದ ಕ್ಯಾಮೆರಾ ಟ್ರ್ಯಾಪ್ ಇಂದು ರಾಷ್ಟ್ರೀಯ ಅಂದಾಜಿನ ಮುಖ್ಯ ಸಾಧನ. 2022ರ ಅಂದಾಜಿನಲ್ಲಿ ಕರ್ನಾಟಕಕ್ಕೆ 563 ಹುಲಿಗಳು ಸಿಕ್ಕಿದ್ದು ಈ ಪದ್ಧತಿಯಿಂದ.

ಹಕ್ಕಿಗಳ ವಿಷಯದಲ್ಲಿ ಮೈಸೂರಿನ ಹವ್ಯಾಸಿಗಳು ಮಾದರಿಯಾದರು. ಏಷ್ಯಾದ ನೀರುಹಕ್ಕಿ ಗಣತಿ 1987ರಲ್ಲಿ ಭಾರತ ಉಪಖಂಡದಲ್ಲಿ ಆರಂಭವಾಯಿತು. ಮೈಸೂರು ಸೀಮೆಯ ಕೆರೆಗಳನ್ನು ಅಲ್ಲಿನ ಹವ್ಯಾಸಿ ಬಳಗ 1980ರ ದಶಕದಿಂದಲೇ ಚಳಿಗಾಲದಲ್ಲಿ ಎಣಿಸುತ್ತ ಬಂತು. 2014ರಿಂದ 2016ರವರೆಗೆ ಊರನ್ನು ಚೌಕಗಳಾಗಿ ವಿಂಗಡಿಸಿ ಮೈಸೂರಿನ ಹಕ್ಕಿಗಳ ನಕಾಶೆಯನ್ನೂ ಸ್ವಯಂಸೇವಕರು ಸಿದ್ಧಪಡಿಸಿದರು. ಅವರಿಗೆ ವಿಮಾನದ ಟಿಕೆಟ್ ಬೇಕಾಗಲಿಲ್ಲ. ಬೇಕಾದದ್ದು ವರ್ಷ ವರ್ಷವೂ ಅದೇ ಕೆರೆಗೆ ಹೋಗುವ ನಿಷ್ಠೆ.

ನೆರೆಯವನೇ ಕಾವಲುಗಾರ

ಸ್ಥಳೀಯರೇ ಈ ಕೆಲಸ ಮಾಡಬೇಕು ಎಂಬ ತೀರ್ಮಾನಕ್ಕೆ ಆಫ್ರಿಕಾ ಕೂಡ ಕಾಲಕ್ರಮದಲ್ಲಿ ಬಂತು. 1980ರ ದಶಕದ ಆರಂಭದಲ್ಲಿ ನಮೀಬಿಯಾದ ವಾಯವ್ಯ ಭಾಗದಲ್ಲಿ ಬರ ಮತ್ತು ಕಳ್ಳಬೇಟೆಗಳಿಂದ ಘೇಂಡಾಮೃಗ, ಆನೆಗಳು ನಾಶದ ಅಂಚಿಗೆ ಬಂದಿದ್ದವು. ಗಾರ್ತ್ ಓವೆನ್ ಸ್ಮಿತ್ ಊರಿನ ಹಿರಿಯರನ್ನು ಕೂಡಿಸಿ, ಅವರು ಆರಿಸಿಕೊಟ್ಟ ಗ್ರಾಮಸ್ಥರನ್ನೇ ಕಾವಲುಗಾರರಾಗಿ ನೇಮಿಸಿದರು. ಕಳ್ಳಬೇಟೆ ಇಳಿಯಿತು. 1996ರಲ್ಲಿ ಬಂದ ಕಾನೂನು ಸಮುದಾಯಗಳಿಗೆ ವನ್ಯಜೀವಿಗಳಿಂದ ಬರುವ ಆದಾಯದ ಹಕ್ಕು ಕೊಟ್ಟಿತು. ಅಲ್ಲಿನ ಕಾವಲುಗಾರರು ಕಂಡ ಪ್ರಾಣಿ, ಸತ್ತ ಪ್ರಾಣಿ, ಹಾನಿಯಾದ ಬೆಳೆಗಳನ್ನು ತಮ್ಮದೇ ದಾಖಲೆ ಪುಸ್ತಕದಲ್ಲಿ ಬರೆಯುತ್ತಾರೆ, ವರ್ಷದ ಕೊನೆಗೆ ಅದನ್ನು ಊರಿನವರ ಮುಂದಿಡುತ್ತಾರೆ.

ಕೀನ್ಯಾದಲ್ಲಿ 2007ರಲ್ಲಿ ಲಯನ್ ಗಾರ್ಡಿಯನ್ಸ್ ಆರಂಭವಾಯಿತು. ದನ ತಿಂದ ಸಿಂಹವನ್ನು ಕೊಲ್ಲುವುದನ್ನು ಪೌರುಷವೆಂದು ಎಣಿಸುತ್ತಿದ್ದ ಮಸಾಯಿ ಯುವಕರನ್ನು ಅದು ಸಿಂಹಗಳ ಜಾಡು ಹಿಡಿಯುವ ಕೆಲಸಕ್ಕೆ ಸೇರಿಸಿಕೊಂಡಿತು. ಓದು ಬರಹ ಬಾರದವರಿಗೆ ಅಕ್ಷರ ಕಲಿಸಿತು, ಸಂಬಳ ಕೊಟ್ಟಿತು. ಸಿಂಹ ಎತ್ತ ಬರುತ್ತಿದೆ ಎಂದು ಅವರು ದನಗಾಹಿಗಳಿಗೆ ಮೊದಲೇ ತಿಳಿಸುತ್ತಾರೆ, ಕಳೆದುಹೋದ ದನ ಹುಡುಕಿಕೊಡುತ್ತಾರೆ, ಕೊಟ್ಟಿಗೆಯ ಬೇಲಿ ಭದ್ರಪಡಿಸುತ್ತಾರೆ.

ದೂರದವರಿಗೂ ಮನೆಯಲ್ಲೇ ಕೂತು ಮಾಡುವ ಕೆಲಸ ಸಿಕ್ಕಿತು. ಸೆರೆಂಗೆಟಿಯ 1,125 ಚದರ ಕಿಲೋಮೀಟರ್ ಪ್ರದೇಶದಲ್ಲಿ ಸಂಶೋಧಕರು 225 ಕ್ಯಾಮೆರಾ ಟ್ರ್ಯಾಪ್ ಇಟ್ಟಾಗ ಬಂದ ಚಿತ್ರಗಳನ್ನು ನೋಡಲು ಕೆಲವರಿಗೆ ಜನ್ಮ ಸಾಲುತ್ತಿರಲಿಲ್ಲ. 2012ರ ಕೊನೆಯಲ್ಲಿ ಅವನ್ನು ಜೂನಿವರ್ಸ್ ಎಂಬ ಜಾಲತಾಣದಲ್ಲಿ ಹಾಕಿದರು. 28,000ಕ್ಕೂ ಹೆಚ್ಚು ಸ್ವಯಂಸೇವಕರು 12 ಲಕ್ಷ ಚಿತ್ರಗುಚ್ಛಗಳನ್ನು ಪರಿಶೀಲಿಸಿ ಪ್ರಾಣಿಗಳನ್ನು ಗುರುತಿಸಿದರು. ಒಂದೇ ಚಿತ್ರವನ್ನು ಹಲವರು ನೋಡಿದ್ದರಿಂದ ಅವರ ಒಟ್ಟಾಭಿಪ್ರಾಯ ತಜ್ಞರ ಉತ್ತರಕ್ಕೆ ಶೇ 96.6ರಷ್ಟು ಹೊಂದಿಕೆಯಾಯಿತು. ಚಂದಾಪುರದ ಕಾಲೇಜು ವಿದ್ಯಾರ್ಥಿಯೂ ಸಂಜೆಯ ಅರ್ಧ ಗಂಟೆಯಲ್ಲಿ ಇಂಥ ಕೆಲಸಕ್ಕೆ ಕೈ ಹಚ್ಚಬಹುದು. ಪ್ರಾಣಿ ಗುರುತಿಸುವ ಕಣ್ಣು ಪಳಗಲು ಇದಕ್ಕಿಂತ ಒಳ್ಳೆಯ ಪಾಠಶಾಲೆ ಇಲ್ಲ.

ಕುಂಚಾವರಂ ಕರೆಯುತ್ತಿದೆ

ಪಳಗಿದ ಆ ಕಣ್ಣಿಗೆ ನಮ್ಮ ಸೀಮೆಯಲ್ಲೇ ಕೆಲಸ ಕಾದಿದೆ. ದೇಶದಲ್ಲಿ ತೋಳಗಳ ಸಂಖ್ಯೆ ಸುಮಾರು 3,100 ಎಂದು 2022ರಲ್ಲಿ ಪ್ರಕಟವಾದ ಅಂದಾಜು ಹೇಳುತ್ತದೆ. ತೋಳ ಹುಲಿಗಿಂತ ಸುರಕ್ಷಿತವೇನಲ್ಲ. ಹುಲಿಗೆ ಮೀಸಲು ಕಾಡುಗಳಿವೆ. ತೋಳ ಬದುಕುವುದು ಕುರುಚಲು ಗುಡ್ಡ, ಹುಲ್ಲುಗಾವಲು, ಹೊಲದ ಬದುಗಳಲ್ಲಿ. ಸರ್ಕಾರಿ ಕಡತಗಳಲ್ಲಿ ಇಂಥ ನೆಲದ ಹೆಸರು ಬಹಳ ಸಲ ಪಾಳುಭೂಮಿ. ಕೊಪ್ಪಳ ಜಿಲ್ಲೆಯ ಬಂಕಾಪುರದಲ್ಲಿ ತೋಳಗಳಿಗೆಂದೇ ಧಾಮ ರೂಪಿಸಿದ್ದು ಕಲ್ಯಾಣ ಕರ್ನಾಟಕಕ್ಕೆ ಸಂತೋಷದ ಸಂಗತಿ. ಚಿಂಚೋಳಿಯ ತೋಳ, ಕತ್ತೆಕಿರುಬಗಳಿಗೂ ಅಂಥ ಗಮನ ಸಿಗಬೇಕು. ಅದಕ್ಕೆ ಮೊದಲು ಅವು ಎಲ್ಲಿವೆ, ಯಾವ ದಾರಿಯಲ್ಲಿ ಓಡಾಡುತ್ತವೆ, ಏನು ತಿನ್ನುತ್ತವೆ ಎಂಬುದರ ಲೆಕ್ಕ ಬೇಕು.

ಆ ಲೆಕ್ಕದ ಮೊದಲ ಪುಟಗಳು ತಾಂಡಾದ ದನಗಾಹಿಯ, ಹಳ್ಳಿಯ ಕುರಿಗಾಹಿಯ ನೆನಪಿನಲ್ಲಿವೆ. ತೋಳ ಯಾವ ತಿಂಗಳು ಹಿಂಡಿನ ಹತ್ತಿರ ಬರುತ್ತದೆ, ಯಾವ ಹಳ್ಳ ಬೇಸಿಗೆಯಲ್ಲೂ ಬತ್ತುವುದಿಲ್ಲ ಎಂದು ಅವರಿಗೆ ಗೊತ್ತು. ಕೆಲಸ ಹುಡುಕಿ ಮುಂಬೈ, ಪುಣೆ, ಹೈದರಾಬಾದ್‌ಗಳಿಗೆ ಗುಳೆ ಹೋಗುವ ತಾಂಡಾದ ಯುವಕರಿಗೆ ಪುಕ್ಕಟೆ ಸೇವೆ ಮಾಡಿ ಎಂದು ಹೇಳುವುದು ತಪ್ಪು. ನಮೀಬಿಯಾ, ಕೀನ್ಯಾಗಳು ಮಾಡಿದಂತೆ ಅವರಿಗೆ ತರಬೇತಿಯೂ ಸಂಬಳವೂ ಸಿಗಬೇಕು. ಆಗ ಕಾಡಿನ ಉಳಿವು ಮನೆಯ ಒಲೆಗೂ ಸಂಬಂಧಿಸಿದ್ದಾಗುತ್ತದೆ.

ಸ್ವಯಂಸೇವೆ ಮಾಡುವಷ್ಟು ಅನುಕೂಲವಿರುವ ನಮ್ಮಂಥವರಿಗೂ ಕೆಲಸವಿದೆ. ಪ್ರತಿ ಜನವರಿಯಲ್ಲಿ ನೀರುಹಕ್ಕಿ ಗಣತಿ, ಫೆಬ್ರುವರಿಯಲ್ಲಿ ಹಿತ್ತಲ ಹಕ್ಕಿಗಳ ಗಣತಿ ನಡೆಯುತ್ತವೆ. ಚಂದ್ರಂಪಳ್ಳಿ, ನಾಗರಾಳ ಜಲಾಶಯಗಳಲ್ಲಿ ಶಾಲೆ, ಕಾಲೇಜುಗಳ ತಂಡಗಳು ಶಿಕ್ಷಕರ ಜೊತೆ ನಿಂತು ಎಣಿಸಬಹುದು. ವಾಡಿ, ಶಹಾಬಾದ್ ಸುತ್ತ ನೀರು ತುಂಬಿ ನಿಂತ ಹಳೆಯ ಗಣಿಹೊಂಡಗಳನ್ನು ಸುರಕ್ಷಿತ ದೂರದಿಂದ ನೋಡಬಹುದು. ಚಳಿಗಾಲದಲ್ಲಿ ಮಧ್ಯ ಏಷ್ಯಾದಿಂದ ಬರುವ ಹ್ಯಾರಿಯರ್ ಜಾತಿಯ ಬೇಟೆಹಕ್ಕಿಗಳನ್ನು ಸೇಡಂ, ಚಿತ್ತಾಪುರದ ಬಯಲುಗಳಲ್ಲಿ ಹುಡುಕಬಹುದು. ಧಾಮದೊಳಗೆ ಕಾಲಿಡಲು ಅರಣ್ಯ ಇಲಾಖೆಯ ಅನುಮತಿ ಬೇಕೇ ಬೇಕು. ಗುಹೆ, ಗೂಡುಗಳ ಜಾಗವನ್ನು ಮೊಬೈಲಿನಲ್ಲಿ ಹಂಚಬಾರದು. ತೋಳದ ಮರಿ ಕಂಡರೆ ಮುಟ್ಟದೆ ದೂರ ಸರಿಯಬೇಕು. ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿರುವ ಪ್ರಾಣಿ ಅದು.

ಆಫ್ರಿಕಾಕ್ಕೆ ಹೋಗಲೇಬಾರದು ಎಂದು ಯಾರಿಗೂ ಹೇಳಲಾರೆ. ಒಳ್ಳೆಯ ಸಂಶೋಧನಾ ಶಿಬಿರದಲ್ಲಿ ಒಂದು ತಿಂಗಳಿದ್ದು ಬಂದವರು ಬಹಳಷ್ಟು ಕಲಿತು ಬರುತ್ತಾರೆ. ಆದರೆ ಒಂದು ತಿಂಗಳಲ್ಲಿ ಕಾಡಿನ ಪ್ರಶ್ನೆಗಳಿಗೆ ಉತ್ತರ ಸಿಗುವುದಿಲ್ಲ. ಅಂಬೋಸೆಲಿಯ ಆನೆ, ನಾಗರಹೊಳೆಯ ಹುಲಿ, ಮೈಸೂರಿನ ಹಕ್ಕಿಗಳ ಬಗ್ಗೆ ಇಂದು ನಮಗೆ ತಿಳಿದಿರುವುದು ಹತ್ತಾರು ವರ್ಷ ಒಂದೇ ಜಾಗಕ್ಕೆ ಮರಳಿ ಮರಳಿ ಹೋದವರಿಂದ. ಹಾಗೆ ಮರಳಿ ಹೋಗಲು ಚಿಂಚೋಳಿಯ ಕಾಡಿಗೆ ನಮಗಿಂತ ಹತ್ತಿರದವರು ಯಾರೂ ಇಲ್ಲ. ಈ ಬರುವ ಜನವರಿಯಲ್ಲಿ ಚಂದಾಪುರದ ಒಂದು ಶಾಲೆ ಚಂದ್ರಂಪಳ್ಳಿ ದಂಡೆಯಲ್ಲಿ ಗಣತಿ ಆರಂಭಿಸಿ ಮುಂದಿನ ಹತ್ತು ವರ್ಷ ಬಿಡದೆ ನಡೆಸಿದರೆ, ಈ ಧಾಮದ ಭವಿಷ್ಯವನ್ನು ನಿರ್ಧರಿಸುವವರ ಮುಂದೆ ನಮ್ಮದೇ ಮಕ್ಕಳು ಬರೆದ ಪುರಾವೆ ಇರುತ್ತದೆ.