ಪಾತಾಳೇಶ್ವರದ ಫೋಟೋ ಎಲ್ಲಿ ಹುಡುಕೋದು?

ಪುಣೆಯ ಜಂಗಲಿ ಮಹಾರಾಜ್ ರಸ್ತೆಯಲ್ಲಿ, ವಾಹನಗಳ ಗದ್ದಲದ ಪಕ್ಕದಲ್ಲೇ ಒಂದು ಗುಹಾಲಯ ಇದೆ: ಪಾತಾಳೇಶ್ವರ. 8ನೇ ಶತಮಾನದ್ದು, ನಮ್ಮ ರಾಷ್ಟ್ರಕೂಟರ ಕಾಲದ್ದು. ಇದರ ಬಗ್ಗೆ ಬ್ಲಾಗ್ ಬರೀತೀರಿ ಅಂದ್ಕೊಳ್ಳಿ. ಫೋಟೋ ಎಲ್ಲಿಂದ?

ಗೂಗಲ್‌ನಲ್ಲಿ ಕಂಡದ್ದನ್ನು ಎತ್ತಿಕೊಳ್ಳಬೇಡಿ. ಗುಹೆ ಎಷ್ಟೇ ಹಳೆಯದಾಗಿರಲಿ, ಫೋಟೋದ ಹಕ್ಕು ತೆಗೆದವರದ್ದು. ಭಾರತದ ಕಾನೂನಿನಲ್ಲಿ ಆ ಹಕ್ಕು ತೆಗೆದವರು ಬದುಕಿರುವವರೆಗೆ, ಅವರು ತೀರಿಕೊಂಡ ಮೇಲೂ 60 ವರ್ಷ ಇರುತ್ತೆ.

ಅನ್‌ಸ್ಪ್ಲ್ಯಾಶ್, ಪೆಕ್ಸೆಲ್ಸ್, ಪಿಕ್ಸಾಬೇ ತಾಣಗಳಲ್ಲಿ ಉಚಿತ ಚಿತ್ರಗಳಿವೆ. ಚಹಾ, ಮಳೆ, ಲ್ಯಾಪ್‌ಟಾಪ್ ಬೇಕಾದ್ರೆ ಅವು ಸಾಕು. ಆದರೆ ‘ಭಾರತದ ಗುಹಾಲಯ’ ಅಂತ ಹುಡುಕಿ ಅಜಂತಾ ಚಿತ್ರವನ್ನು ಪಾತಾಳೇಶ್ವರ ಅಂತ ಹಾಕಿದ್ರೆ ಓದುಗರಿಗೆ ಮೋಸ.

ಊರಿನ ಚಿತ್ರಕ್ಕೆ ನನ್ನ ಮೊದಲ ಆಯ್ಕೆ ವಿಕಿಮೀಡಿಯ ಕಾಮನ್ಸ್, ಯಾರು ಬೇಕಾದ್ರೂ ಚಿತ್ರ ಸೇರಿಸಬಹುದಾದ ಮುಕ್ತ ಭಂಡಾರ. ಅಲ್ಲಿ ಜಾಗದ ಹೆಸರನ್ನೇ ಇಂಗ್ಲಿಷ್‌ನಲ್ಲಿ, ಮರಾಠಿಯಲ್ಲಿ ಟೈಪ್ ಮಾಡಿ. ಬಂದ ಚಿತ್ರವನ್ನು ಸರಿಯಾಗಿ ನೋಡಿ: ಪಾತಾಳೇಶ್ವರದ ನಂದಿ ಮಂಟಪ ದುಂಡಗಿದೆ, ಅದೇ ಗುರುತು. ಆಮೇಲೆ ಚಿತ್ರದ ಪುಟದಲ್ಲಿ ಪರವಾನಗಿ ಓದಿ. ‘ಸಿಸಿ ಬೈ-ಎಸ್‌ಎ’ ಅಂತಿದ್ರೆ ಛಾಯಾಗ್ರಾಹಕರ ಹೆಸರು, ಪರವಾನಗಿಯ ಕೊಂಡಿ ಕೊಡಲೇಬೇಕು. ಚಿತ್ರ ಬದಲಿಸಿದ್ರೆ ಅದನ್ನೂ ಹೇಳಿ, ಅದೇ ಪರವಾನಗಿಯಲ್ಲೇ ಹಂಚಿ. ‘ಎನ್‌ಸಿ’ (ಅಂದ್ರೆ ವಾಣಿಜ್ಯೇತರ) ಅಕ್ಷರಗಳು ಎಲ್ಲೇ ಕಂಡರೂ ವ್ಯಾಪಾರದ ವೆಬ್‌ಸೈಟ್‌ಗೆ ಬಳಸಬೇಡಿ.

ಹೆಸರು ಹಾಕೋದು ಬರೀ ನಿಯಮ ಅಲ್ಲ. ಬಿಸಿಲಲ್ಲಿ ನಿಂತು ತೆಗೆದು ಪುಕ್ಕಟೆ ಕೊಟ್ಟವರಿಗೆ ಸಲ್ಲಬೇಕಾದ ಗೌರವ.

ಪುಣೆಯಲ್ಲಿರುವ ಕನ್ನಡಿಗರೇ, ಮುಂದಿನ ಸಲ ಆ ಕಡೆ ಹೋದಾಗ ನೀವೂ ನಾಲ್ಕು ಫೋಟೋ ತೆಗೆದು, ಕನ್ನಡದಲ್ಲಿ ವಿವರಣೆ ಬರೆದು, ಕಾಮನ್ಸ್‌ಗೆ ಸೇರಿಸಿ.